ಉಬ್ಬಿದ ಕಣ್ಣಿನ ಹಿಂದೆ ರಕ್ತದ ರೋಗ

ಮಗುವಿನ ಒಂದು ಕಣ್ಣು ಮುಂದಕ್ಕೆ ಉಬ್ಬಿ ಬಂದರೆ ಮನೆಯವರು ಅದನ್ನು ಕಣ್ಣಿನ ರೋಗವೆಂದೇ ತಿಳಿಯುವುದು ಸಹಜ. ಆಟದಲ್ಲಿ ಪೆಟ್ಟಾಗಿರಬೇಕು, ಹುಳ ಕಚ್ಚಿರಬೇಕು, ದೃಷ್ಟಿ ತಾಗಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸೊಪ್ಪಿನ ರಸ ಹಿಂಡುವವರೂ ಇದ್ದಾರೆ. ಆದರೆ ಕೆಲವು ಮಕ್ಕಳಲ್ಲಿ ಆ ಉಬ್ಬಿನ ಮೂಲವಿರುವುದು ಕಣ್ಣಿನಲ್ಲಲ್ಲ, ರಕ್ತ ಹುಟ್ಟುವ ಅಸ್ಥಿಮಜ್ಜೆಯಲ್ಲಿ.

ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರಿನಲ್ಲಿ ಬಲಿಯದ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. ಅವು ಮಜ್ಜೆಯ ಹೊರಗೆ ಗುಂಪುಗೂಡಿ ಗಡ್ಡೆಯಾದರೆ ಅದೇ ಮೈಲಾಯ್ಡ್ ಸಾರ್ಕೋಮ. ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುವ ಸ್ಥಳಗಳಲ್ಲಿ ಕಣ್ಣುಗುಡ್ಡೆಯ ಹಿಂಬದಿಯೂ ಒಂದು. 1811ರಲ್ಲಿ ಸ್ಕಾಟ್ಲೆಂಡಿನ ಅಲನ್ ಬರ್ನ್ಸ್ ಇದನ್ನು ಮೊದಲು ವರ್ಣಿಸಿದರು. ಕೊಯ್ದ ಗಡ್ಡೆ ಎಷ್ಟೋ ಸಲ ಹಸಿರಾಗಿ ಕಾಣುವುದರಿಂದ 1853ರಲ್ಲಿ ಕ್ಲೋರೋಮ ಎಂಬ ಹೆಸರು ಬಂದಿತು. ಆ ಬಣ್ಣ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ್ದು.

ಈ ರೋಗ ಅಪರೂಪದ್ದು, ನಿಜ. ಉಬ್ಬಿದ ಕಣ್ಣೆಲ್ಲ ಕ್ಯಾನ್ಸರಲ್ಲ. ಸೋಂಕಿನಿಂದಲೂ ಹಾಗಾಗುತ್ತದೆ, ಅದೂ ತಡಮಾಡಬಾರದ ಕಾಯಿಲೆಯೇ. ನಮ್ಮ ಕಳವಳವಿರುವುದು ಬೇರೆಡೆ. ರಕ್ತದಲ್ಲಿ ರೋಗ ಕಾಣಿಸುವ ವಾರಗಳ, ಕೆಲವೊಮ್ಮೆ ತಿಂಗಳುಗಳ ಮೊದಲೇ ಗಡ್ಡೆ ತಲೆದೋರಬಹುದು. ಆಗ ರಕ್ತದ ವರದಿ ಸರಿಯಿದೆಯೆಂದು ಎಲ್ಲರೂ ನಿರಾಳರಾಗುತ್ತಾರೆ. ಆದಕಾರಣ ಕಾರಣ ಸ್ಪಷ್ಟವಾಗದ ಉಬ್ಬಿಗೆ ಸ್ಕ್ಯಾನ್ ಆಗಬೇಕು. ಗಡ್ಡೆ ಕಂಡರೆ ಅದರ ಚೂರು ತೆಗೆದು ಬಯಾಪ್ಸಿ ಮಾಡಬೇಕು, ಅಗತ್ಯವೆನಿಸಿದರೆ ಮಜ್ಜೆಯನ್ನೂ ಪರೀಕ್ಷಿಸಬೇಕು. ನಿದಾನಕ್ಕೆ ಮುನ್ನವೇ ಸ್ಟೀರಾಯ್ಡ್ ಕೊಟ್ಟು ಊತ ಇಳಿಸುವ ಆತುರವನ್ನು ನಾವು ಒಪ್ಪಲಾರೆವು. ಅದು ರೋಗದ ಗುರುತನ್ನೇ ಮರೆಮಾಚಬಹುದು.

ಗಡ್ಡೆಯನ್ನು ಕತ್ತರಿಸಿದರೆ ಕೆಲಸ ಮುಗಿಯಿತೆಂಬುದು ಇನ್ನೊಂದು ಭ್ರಮೆ. ರಕ್ತದ ವರದಿ ಸರಿಯಿದ್ದರೂ ಇದಕ್ಕೆ ಲ್ಯುಕೇಮಿಯಾದ ಕೀಮೋಥೆರಪಿಯೇ ಬೇಕು. ಇಲ್ಲದಿದ್ದರೆ ಬಹುಪಾಲು ಮಕ್ಕಳಲ್ಲಿ ಮುಂದೆ ರಕ್ತಕ್ಯಾನ್ಸರ್ ಪ್ರಕಟವಾಗುತ್ತದೆ. ಔಷಧಿಗೆ ಕಣ್ಣು ತಗ್ಗಿದೊಡನೆ, ಗುಣವಾಯಿತೆಂದು ನಂಬಿ, ಚಿಕಿತ್ಸೆಯನ್ನು ನಡುವೆ ಬಿಡುವುದು ಅಪಾಯಕಾರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರಿಗೆ ಚಿಕಿತ್ಸೆಯಿದೆ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ.

ಊರೂರಿನಲ್ಲಿ ನೇತ್ರ ಶಿಬಿರಗಳು ನಡೆಯುತ್ತವೆ. ಹಿರಿಯರ ಪೊರೆಯತ್ತ ಅಲ್ಲಿ ಇರುವ ಗಮನ ಮಕ್ಕಳ ಕಡೆಗೂ ಹರಿಯಬೇಕೆಂಬುದು ನಮ್ಮ ಅಭಿಪ್ರಾಯ. ಉಬ್ಬಿದ ಕಣ್ಣಿನ ಮಗುವನ್ನು ಹನಿ ಔಷಧಿಯ ಸೀಸೆ ಕೊಟ್ಟು ಮನೆಗೆ ಕಳಿಸಕೂಡದು. ಮುಖ ಬಿಳಿಚಿದೆಯೇ, ಜ್ವರ ಮರುಕಳಿಸುತ್ತಿದೆಯೇ, ಒಸಡಿನಲ್ಲಿ ರಕ್ತ ಒಸರುತ್ತಿದೆಯೇ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳೆದ್ದಿವೆಯೇ ಎಂದು ತಾಯಿಯನ್ನು ಕೇಳಿ, ಅಂದೇ ರಕ್ತ ಪರೀಕ್ಷೆಗೆ ಬರೆದು, ದೊಡ್ಡ ಆಸ್ಪತ್ರೆಗೆ ಚೀಟಿ ಕೊಡಬೇಕು. ತಂದೆತಾಯಿಯರು ಅಲ್ಲಿಗೆ ಹೋಗುವಾಗ ಅದುವರೆಗೆ ಹಾಕಿದ ಔಷಧಿಗಳ ಚೀಟಿಗಳನ್ನೆಲ್ಲ ಜೊತೆಗೊಯ್ಯಲಿ.