ಡ್ರೈವ್ ಕಾಣಿಸುತ್ತಿಲ್ಲವೇ? ‘ಫಾರ್ಮ್ಯಾಟ್’ ಗುಂಡಿಯಿಂದ ಕೈ ದೂರವಿರಲಿ

ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದಾಯಿತು, ಕಂಪ್ಯೂಟರ್ ‘ಟಿಣ್’ ಎಂದಿತು, ಆಮೇಲೆ ಏನೂ ಇಲ್ಲ. ಕೆಲವೊಮ್ಮೆ ‘ಟಿಣ್’ ಕೂಡ ಇಲ್ಲ. ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ, ಅರಸೀಕೆರೆಯಲ್ಲಿ ನನ್ನ ಮೇಜಿನ ಮುಂದೆ ಬಂದು ನಿಲ್ಲುವವರಲ್ಲಿ, ಅತಿ ಹೆಚ್ಚು ಮಂದಿಯ ದೂರು ಇದೇ. ಪರೀಕ್ಷೆ ಮುಗಿದು ರಜೆ ಬಂತೆಂದರೆ ಇನ್ನೂ ಜಾಸ್ತಿ. ಮಕ್ಕಳು ಅಟ್ಟದ ಮೇಲಿನ ಪೆಟ್ಟಿಗೆಗಳನ್ನೆಲ್ಲ ಕೆದಕಿ, ಅಪ್ಪನ ಮದುವೆಯ ವಿಡಿಯೊ ಇರುವ ಹಳೆಯ ಡಿಸ್ಕ್ ಹುಡುಕಿ ತೆಗೆಯುವ ಕಾಲ ಅದು.

ಮೊದಲಿಗೆ ಒಂದು ಮಾತು. ಕಾಣಿಸುತ್ತಿಲ್ಲ ಎಂದರೆ ಹಾಳಾಗಿದೆ ಎಂದಲ್ಲ. ಬೆಂಗಳೂರಿನಿಂದ ನಿಮ್ಮ ಸೋದರಮಾವ ಬೇಲೂರಿಗೆ ಬರಬೇಕು ಎಂದಿಟ್ಟುಕೊಳ್ಳಿ. ಅರಸೀಕೆರೆಯವರೆಗೆ ರೈಲು, ಅಲ್ಲಿಂದ ಬಸ್ಸು ಹತ್ತಿ ಜಾವಗಲ್, ಹಳೇಬೀಡು ದಾಟಿ ಬೇಲೂರು. ಸಂಜೆಯಾದರೂ ಮಾವ ಬರಲಿಲ್ಲ. ಆಗ ‘ಮಾವ ಕಳೆದೇಹೋದರು’ ಎಂದು ಯಾರೂ ಅಳುತ್ತ ಕೂರುವುದಿಲ್ಲ. ರೈಲು ಹೊರಟಿತೇ? ಅರಸೀಕೆರೆಯಲ್ಲಿ ಇಳಿದರೇ? ಬಸ್ಸು ಸಿಕ್ಕಿತೇ? ಅಥವಾ ಊರಿಗೆ ಬಂದು, ಮನೆ ಗೊತ್ತಾಗದೆ ಬೀದಿಯಲ್ಲೇ ನಿಂತಿದ್ದಾರೆಯೇ? ಹೀಗೆ ಒಂದೊಂದೇ ವಿಚಾರಿಸುತ್ತೇವೆ. ಡ್ರೈವ್ ವಿಷಯದಲ್ಲೂ ಅಷ್ಟೇ. ಅದಕ್ಕೆ ವಿದ್ಯುತ್ ಸಿಗಬೇಕು, ಮಾಹಿತಿ ಕೇಬಲ್ಲಿನಲ್ಲಿ ಹರಿಯಬೇಕು, ಕಂಪ್ಯೂಟರ್ ‘ಯಾರೋ ಬಂದಿದ್ದಾರೆ’ ಎಂದು ಗುರುತಿಸಬೇಕು, ಅದಕ್ಕೊಂದು ಅಕ್ಷರದ ವಿಳಾಸ ಕೊಡಬೇಕು, ಕೊನೆಗೆ ಅದರೊಳಗಿನ ಬರವಣಿಗೆಯನ್ನು ಓದಬೇಕು. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಸ್ವಲ್ಪ ದಿನದ ಹಿಂದೆ ಹಳೇಬೀಡಿನ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಬಂದರು. ಜೊತೆಗೆ ಒಂಬತ್ತನೇ ತರಗತಿ ಓದುವ ಮೊಮ್ಮಗಳು. ಅಜ್ಜನ ಟವೆಲಿನಲ್ಲಿ ಸುತ್ತಿದ್ದ ಪೊಟ್ಟಣದೊಳಗೆ ಒಂದು ಟಿಬಿಯ ಹಾರ್ಡ್ ಡಿಸ್ಕ್.

‘ಅವಳ ದನಿ ಇದ್ರೊಳಗೈತೆ ಸಾರ್,’ ಅಂದರು ಅಜ್ಜ.

ಅವಳು ಅಂದರೆ ಅಜ್ಜಿ. ರಾಗಿ ಬೀಸುವ ಪದ, ಸೋಬಾನೆ ಪದ ಹೇಳುತ್ತಿದ್ದವರು. ಮೊಮ್ಮಗಳು ಎರಡು ವರ್ಷದ ಹಿಂದೆ ಶಾಲೆಯ ಪ್ರಾಜೆಕ್ಟಿಗೆಂದು ಅಪ್ಪನ ಫೋನಿನಲ್ಲಿ 14 ಹಾಡು ರೆಕಾರ್ಡ್ ಮಾಡಿದ್ದಳು. ಫೋನಿನಲ್ಲಿ ಜಾಗ ಸಾಲದೆ ಅವನ್ನು ಡಿಸ್ಕಿಗೆ ಹಾಕಿ ಫೋನಿನಿಂದ ಅಳಿಸಿದರು. ಅಜ್ಜಿ ಹೋದದ್ದು ಆಮೇಲೆ. ತಿಥಿಯ ದಿನ ಹಾಡು ಕೇಳೋಣ ಎಂದು ಡಿಸ್ಕ್ ಹಾಕಿದರೆ ಕಂಪ್ಯೂಟರಿನಲ್ಲಿ ಏನೂ ಕಾಣಿಸಲಿಲ್ಲ. ಯಾವುದೋ ಅಂಗಡಿಯಲ್ಲಿ ತೋರಿಸಿದಾಗ, ‘ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗ್ತದೆ’ ಎಂದರಂತೆ.

‘ನಾನು ಬೇಡ ಅಂದೆ ಅಂಕಲ್,’ ಎಂದಳು ಹುಡುಗಿ. ಆ ಒಂದು ‘ಬೇಡ’ ಇಲ್ಲದಿದ್ದರೆ ಈ ವಾರ ನನಗೆ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ.

ಡಿಸ್ಕ್ ಹೊರತೆಗೆದು ನೋಡಿದೆ. ಜೊತೆಗಿದ್ದ ಕೇಬಲ್ ಅದರದ್ದಲ್ಲ. ಮೂಲ ಕೇಬಲ್ಲನ್ನು ಇಲಿ ಕಡಿದಿತ್ತಂತೆ, ಅದರ ಬದಲು ಹಳೆಯ ಫೋನಿನ ಚಾರ್ಜರ್ ಕೇಬಲ್ ಹಾಕಿದ್ದರು. ಇಂಥ ಡಿಸ್ಕುಗಳ ಅಗಲವಾದ ಬಾಯಿಯನ್ನು ಗಮನಿಸಿದ್ದೀರಾ? ಎರಡು ಭಾಗ ಅಂಟಿಸಿದ ಹಾಗಿರುತ್ತದೆ. ಅದರ ದೊಡ್ಡ ಭಾಗಕ್ಕೆ ಹಳೆಯ ಫೋನುಗಳ ಮೈಕ್ರೊ ಯುಎಸ್‌ಬಿ ಪಿನ್ನು ಸರಿಯಾಗಿ ಕೂರುತ್ತದೆ. ಕೂತರೆ ತಪ್ಪೂ ಇಲ್ಲ, ವೇಗ ಕಡಿಮೆ ಅಷ್ಟೇ. ತೊಂದರೆ ಬೇರೆ ಕಡೆ ಇದೆ. ಮಾಮೂಲಿ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿ: ಕೆಂಪು, ಕಪ್ಪು ಎರಡೂ ವಿದ್ಯುತ್ತಿಗೆ, ಬಿಳಿ, ಹಸಿರು ಎರಡೂ ಮಾಹಿತಿಗೆ. ಅಗ್ಗದ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಮೊದಲ ಎರಡೇ ಇರುವುದುಂಟು. ಆಗ ಡಿಸ್ಕಿನ ದೀಪ ಹತ್ತುತ್ತದೆ, ಒಳಗೆ ತಟ್ಟೆ ತಿರುಗುವ ಸದ್ದೂ ಕೇಳಿಸುತ್ತದೆ, ಕಂಪ್ಯೂಟರಿಗೆ ಮಾತ್ರ ಸುದ್ದಿಯೇ ಇಲ್ಲ. ರೈಲು ಬಂದಿದೆ, ಬಾಗಿಲು ತೆರೆದಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ‘ಡಾಟಾ ಕೇಬಲ್ಲಾ?’ ಎಂದು ಬಾಯಿಬಿಟ್ಟು ಕೇಳಿ. ಕೇಬಲ್ ಬದಲಿಸುವುದು ಮೊಟ್ಟಮೊದಲ ಪರೀಕ್ಷೆ. ನಾನು ಕಂಡಂತೆ ಬಹಳ ಡಿಸ್ಕುಗಳು ಅಲ್ಲೇ ಹುಷಾರಾಗುತ್ತವೆ.

ಕೇಬಲ್ ಸರಿಯಿದ್ದರೆ ಮುಂದಿನ ಅನುಮಾನ ವಿದ್ಯುತ್ತಿನ ಮೇಲೆ. ಅಂಗೈಯಗಲದ ಡಿಸ್ಕುಗಳಿಗೆ ಬೇರೆ ಪ್ಲಗ್ ಇಲ್ಲ, ಕಂಪ್ಯೂಟರೇ ಊಟ ಹಾಕಬೇಕು. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಸಾಲದಿದ್ದರೆ ಡಿಸ್ಕ್ ತಿರುಗಲು ಹೊರಟು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಡೆಸ್ಕ್‌ಟಾಪ್ ಪೆಟ್ಟಿಗೆಯ ಮುಂಭಾಗದ ಪೋರ್ಟು, ಒಂದಕ್ಕೆ ನಾಲ್ಕು ಮಾಡುವ ಹಬ್ಬು, ಉದ್ದುದ್ದ ಎಕ್ಸ್‌ಟೆನ್ಷನ್ ವೈರು ಇವೆಲ್ಲ ಬಿಟ್ಟು ಪೆಟ್ಟಿಗೆಯ ಹಿಂಭಾಗಕ್ಕೆ ನೇರವಾಗಿ ಸಿಕ್ಕಿಸಿ. ಒಳಗೆ ನೀಲಿ ಪಟ್ಟಿ ಇರುವ ಪೋರ್ಟು ಸಾಮಾನ್ಯವಾಗಿ ಯುಎಸ್‌ಬಿ 3. ಇಟ್ಟಿಗೆ ಗಾತ್ರದ ದೊಡ್ಡ ಡಿಸ್ಕುಗಳಿಗೆ ಮಾತ್ರ ಅವುಗಳದ್ದೇ 12 ವೋಲ್ಟಿನ ಅಡಾಪ್ಟರ್ ಬೇಕು. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರಿನ ಪಿನ್ನು ಹಿಡಿಸಿತೆಂದು ಹಾಕಿಬಿಡಬೇಡಿ.

ಅಜ್ಜನ ಡಿಸ್ಕಿಗೆ ಸರಿಯಾದ ಕೇಬಲ್ ಹಾಕಿದೆ. ‘ಟಿಣ್’ ಎಂದಿತು. ಅಜ್ಜನ ಮುಖ ಅರಳಿತು. ಮರುಕ್ಷಣ ಪರದೆಯ ಮೇಲೆ ಒಂದು ಪೆಟ್ಟಿಗೆ: ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಇಲ್ಲೇ ಜನ ಮೋಸಹೋಗುವುದು. ಕಂಪ್ಯೂಟರ್ ಎಷ್ಟು ವಿನಯದಿಂದ ಕೇಳುತ್ತದೆಂದರೆ ‘ಹೂಂ’ ಅನ್ನಲೇಬೇಕು ಅನಿಸುತ್ತದೆ! ಆದರೆ ಅದು ನಿಜವಾಗಿ ಹೇಳುತ್ತಿರುವುದು ‘ಇದನ್ನು ಓದಲು ನನಗೆ ಬರುತ್ತಿಲ್ಲ’ ಎಂದಷ್ಟೇ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಹೊಯ್ಸಳರ ಕಾಲದ ಕನ್ನಡ ಶಾಸನಗಳನ್ನು ನೋಡಿದ್ದೀರಲ್ಲ? ನಮ್ಮದೇ ಭಾಷೆ, ಆದರೂ ಆ ಲಿಪಿ ಇವತ್ತಿನ ಮಕ್ಕಳಿಗೆ ಓದಲು ಬರುವುದಿಲ್ಲ. ಬರುವುದಿಲ್ಲವೆಂದು ಕಲ್ಲನ್ನು ಉಜ್ಜಿ ನಯಮಾಡಿ ಹೊಸದಾಗಿ ಬರೆಯಲು ಹೊರಡುತ್ತೇವೆಯೇ? ಬಲ್ಲವರನ್ನು ಕರೆಸುತ್ತೇವೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲಿ ಹೊರತಂದಾಗ ಬೇಲೂರು, ಅರಸೀಕೆರೆ ಸೀಮೆಯ ಎಷ್ಟೋ ಕಲ್ಲುಗಳು ಹಾಗೆ ಮತ್ತೆ ಮಾತಾಡಿದವು. ‘ಫಾರ್ಮ್ಯಾಟ್’ ಎಂದರೆ ಕಲ್ಲು ಉಜ್ಜುವ ಕೆಲಸ. ಅದರಲ್ಲೂ ‘ಕ್ವಿಕ್’ ಎಂಬ ಗುರುತು ತೆಗೆದು ಮಾಡಿದ ಫಾರ್ಮ್ಯಾಟು ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆದುಬಿಡುತ್ತದೆ. ಆಮೇಲೆ ಯಾವ ಪಂಡಿತರೂ ಓದಲಾರರು.

ನಾನು ‘ಕ್ಯಾನ್ಸಲ್’ ಒತ್ತಿದೆ. ಕೀಲಿಮಣೆಯ ವಿಂಡೋಸ್ ಕೀಲಿ ಹಿಡಿದು ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಇದೆ, ಅದನ್ನು ತೆರೆದೆ. ಕಂಪ್ಯೂಟರಿಗೆ ಅಂಟಿಕೊಂಡಿರುವ ಡಿಸ್ಕುಗಳೆಲ್ಲ ಇಲ್ಲಿ ಸಾಲಾಗಿ ಕೂತಿರುತ್ತವೆ. ನಿಮ್ಮದು ಇಲ್ಲಿ ಕಂಡರೆ ಮಾವ ಊರು ತಲುಪಿದ್ದಾರೆ ಎಂದು ಅರ್ಥ. ಕೆಲವೊಮ್ಮೆ ವಿಳಾಸದ ಅಕ್ಷರ ಮಾತ್ರ ಇರುವುದಿಲ್ಲ. ಅದರ ಮೇಲೆ ಬಲಗುಂಡಿ ಒತ್ತಿ, ಡ್ರೈವ್ ಲೆಟರ್ ಬದಲಿಸುವ ಆಯ್ಕೆಯಲ್ಲಿ ಒಂದು ಅಕ್ಷರ ಕೊಟ್ಟರೆ ಅರ್ಧ ನಿಮಿಷದ ಕೆಲಸ. ‘ಇನಿಷಿಯಲೈಸ್ ಮಾಡಲೇ’ ಎಂದು ಕೇಳಿದರೆ ಬೇಡ ಅನ್ನಿ, ಅದೂ ಫಾರ್ಮ್ಯಾಟಿನ ತಮ್ಮನೇ. ಅಜ್ಜನ ಡಿಸ್ಕಿನ ಎದುರು ‘ರಾ’ ಎಂದು ಬರೆದಿತ್ತು. ಹಸಿ ಅನ್ನುವ ಅರ್ಥದ ಇಂಗ್ಲಿಷ್ ಪದ. ಅಂದರೆ ಯಾವ ಕಡತ ಎಲ್ಲಿದೆ ಎಂದು ಹೇಳುವ ಸೂಚಿ ಕೆಟ್ಟಿದೆ.

‘ಹಿಂದೆ ಯಾವಾಗಲಾದರೂ ಕಾಪಿ ಆಗ್ತಿರುವಾಗ ಕರೆಂಟು ಹೋಗಿತ್ತೇನಮ್ಮ?’ ಎಂದು ಕೇಳಿದೆ.

‘ನಮ್ಮೂರಲ್ಲಿ ಯಾವಾಗ ಹೋಗಲ್ಲ ಅಂಕಲ್?’ ಅಂದಳು.

ಸೂಚಿ ಹರಿದ ಪುಸ್ತಕದಲ್ಲಿ ಪುಟಗಳು ಹಾಗೇ ಇರುತ್ತವೆ. ಆ ಪುಟಗಳನ್ನು ಒಂದೊಂದಾಗಿ ಎತ್ತಿಕೊಡುವ ‘ಟೆಸ್ಟ್‌ಡಿಸ್ಕ್’, ‘ಫೋಟೊರೆಕ್’ ಎಂಬ ಜೋಡಿ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ನೋಟ ಒರಟು, ಕಪ್ಪು ಪರದೆ, ಬಿಳಿ ಅಕ್ಷರ. ಕೆಲಸ ಮಾತ್ರ ಚೊಕ್ಕ. ನಿಯಮ ಒಂದೇ: ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ತಂತ್ರಾಂಶವೂ ಬೇರೆ ಕಡೆ ಇರಬೇಕು, ಸಿಕ್ಕಿದ್ದನ್ನು ಇಳಿಸುವುದೂ ಬೇರೆ ಡಿಸ್ಕಿಗೇ. ಬಹಳ ಜನ ಹೇಳಿಕೊಡುವ ‘ಚೆಕ್‌ಡಿಸ್ಕ್’ ಆಜ್ಞೆಯನ್ನು ನಾನು ಮೊದಲೇ ಓಡಿಸುವುದಿಲ್ಲ. ಅದು ರಿಪೇರಿಯ ನೆಪದಲ್ಲಿ ಡಿಸ್ಕಿನ ಮೇಲೇ ತಿದ್ದುತ್ತದೆ. ಮೊದಲು ಪ್ರತಿ, ಆಮೇಲೆ ರಿಪೇರಿ.

ಮೊದಲು ಟೆಸ್ಟ್‌ಡಿಸ್ಕ್ ಹಚ್ಚಿ ನೋಡಿದೆ, ಹಳೆಯ ಸೂಚಿ ಕೂಡಿಬರಲಿಲ್ಲ. ಹಾಗಾಗಿ ಫೋಟೊರೆಕ್. ಒಂದು ಟಿಬಿ ಡಿಸ್ಕನ್ನು ತುದಿಯಿಂದ ತುದಿಗೆ ಓದಲು ನೀಲಿ ಪೋರ್ಟಿನಲ್ಲೂ ಮೂರು ನಾಲ್ಕು ಗಂಟೆ ಬೇಕು, ಹಳೆಯ ಪೋರ್ಟಿನಲ್ಲಾದರೆ ಎಂಟು ಗಂಟೆ ದಾಟಬಹುದು. ಅಜ್ಜ, ಮೊಮ್ಮಗಳು ಊಟ ಮುಗಿಸಿಕೊಂಡು ಬಂದರು. ಫೋಟೊರೆಕ್ ಕಡತ ಕೊಡುತ್ತದೆ, ಹೆಸರು ಕೊಡುವುದಿಲ್ಲ. ಬರೀ ನಂಬರು. ಸಾವಿರಾರು ಫೋಟೊಗಳ ನಡುವೆ 73 ಧ್ವನಿ ಕಡತ ಸಿಕ್ಕವು. ಅವನ್ನು ಒಂದೊಂದಾಗಿ ಹಾಕುತ್ತ ಹೋದೆವು. ಸಿನಿಮಾ ಹಾಡು, ಯಾರದೋ ಭಾಷಣ, ಕೋಳಿ ಕೂಗು, ಮತ್ತೆ ಸಿನಿಮಾ ಹಾಡು. 31ನೆಯದೋ 32ನೆಯದೋ ಹಾಕಿದಾಗ ಬೀಸುವ ಕಲ್ಲಿನ ಸದ್ದು ಬಂತು. ಅದರ ಹಿಂದೆ ಒಂದು ಕೆಮ್ಮು. ಹಾಡು ಶುರುವಾಗುವ ಮೊದಲೇ ಅಜ್ಜ, ‘ಇವಳೇ’ ಅಂದರು.

14ರಲ್ಲಿ 11 ಹಾಡು ಪೂರ್ತಿ ಸಿಕ್ಕವು. ಒಂದು ನಡುವೆ ತುಂಡಾಗಿತ್ತು, ಎರಡು ಸಿಗಲೇ ಇಲ್ಲ. ಹುಡುಗಿ ಆ ಎರಡರ ಹೆಸರು ಹೇಳಿ ಮತ್ತೆ ಮತ್ತೆ ಹುಡುಕಿಸಿದಳು. ಇದ್ದದ್ದು ಸಿಗುತ್ತದೆ, ಮೇಲೆ ಬೇರೇನೋ ಬರೆದು ಮುಚ್ಚಿಹೋದದ್ದು ಸಿಗುವುದಿಲ್ಲ. ಅದನ್ನು ಅವಳಿಗೆ ಹೇಳುವುದು ಕಷ್ಟವಾಯಿತು.

ಎಲ್ಲ ಡಿಸ್ಕಿಗೂ ಇದೇ ಮದ್ದಲ್ಲ. ಬೇಲೂರಿನ ಓದುಗರೊಬ್ಬರು ಪ್ರವಾಸಿಗಳಿಗೆ ಗುಡಿ ತೋರಿಸುವ ಗೈಡ್. ಹೊರದೇಶದ ಪ್ರವಾಸಿಯೊಬ್ಬರು ಪ್ರೀತಿಯಿಂದ ಕಳಿಸಿದ ಡ್ರೈವಿನಲ್ಲಿ ಚೆನ್ನಕೇಶವ ಗುಡಿಯ ಮದನಿಕೆಯರ ಫೋಟೊಗಳಿವೆಯಂತೆ, ತಮ್ಮ ಕಂಪ್ಯೂಟರ್ ಮಾತ್ರ ‘ಫಾರ್ಮ್ಯಾಟ್ ಮಾಡಲೇ’ ಎನ್ನುತ್ತದೆ ಎಂದು ಬರೆದಿದ್ದಾರೆ. ನಿಮ್ಮ ಡ್ರೈವಿಗೆ ಬಹುಶಃ ಯಾವ ಕಾಯಿಲೆಯೂ ಇಲ್ಲ ಸ್ವಾಮಿ. ಆ್ಯಪಲ್ ಕಂಪ್ಯೂಟರಿನ ಪದ್ಧತಿಯಲ್ಲಿ ಬರೆದದ್ದನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಪರಿಚಯದ ಯಾರ ಬಳಿಯಾದರೂ ಮ್ಯಾಕ್ ಇದ್ದರೆ ಅದರಲ್ಲಿ ತೆರೆದು, ‘ಎಕ್ಸ್‌ಫ್ಯಾಟ್’ ಪದ್ಧತಿಯ ಬೇರೊಂದು ಪೆನ್ ಡ್ರೈವಿಗೆ ಪ್ರತಿ ಮಾಡಿಸಿಕೊಳ್ಳಿ. ಅದನ್ನು ಎರಡೂ ಕಂಪ್ಯೂಟರುಗಳು ಓದುತ್ತವೆ. ಅಂದಹಾಗೆ ಆ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟು 900 ವರ್ಷವಾಯಿತು. ಅದಕ್ಕೆ ಕೇಬಲ್ಲೂ ಬೇಡ, ಕರೆಂಟೂ ಬೇಡ! ಹೊಟ್ಟೆಕಿಚ್ಚಾಗುತ್ತದೆ.

ಡಿಸ್ಕಿನೊಳಗಿಂದ ‘ಟಕ್ ಟಕ್’ ಎಂದು ಒಂದೇ ಸಮನೆ ಬಡಿದ ಸದ್ದು ಬರುತ್ತಿದ್ದರೆ ಮಾತ್ರ ಮನೆಮದ್ದು ಬೇಡ. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅದನ್ನು ಓದುವ ತಲೆ ಕೂದಲಿಗಿಂತ ಎಷ್ಟೋ ಸಣ್ಣ ಅಂತರದಲ್ಲಿ ಮೇಲೆ ತೇಲುತ್ತಿರುತ್ತದೆ. ಮೇಜಿನಿಂದ ಬಿದ್ದ ಡಿಸ್ಕಿನಲ್ಲಿ ಆ ತಲೆ ತಟ್ಟೆಯನ್ನು ಉಜ್ಜುತ್ತಿರಬಹುದು. ಪ್ರತಿ ಸಲ ಹಾಕಿ ನೋಡಿದಾಗಲೂ ಇನ್ನಷ್ಟು ಗೀರು. ಕೂಡಲೇ ಕಿತ್ತಿಟ್ಟು, ಡಾಟಾ ರಿಕವರಿ ಮಾಡುವ ಲ್ಯಾಬಿನವರಿಗೆ ತೋರಿಸಿ. ದುಬಾರಿ ಕೆಲಸ, ಖರ್ಚು ಮೊದಲೇ ಕೇಳಿಕೊಳ್ಳಿ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರೆ ನಂಬಬೇಡಿ, ಹೊರತೆಗೆದ ಕೂಡಲೇ ಒಳಗೆ ತೇವ ಕಟ್ಟುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದಲೂ ಪ್ರಯೋಜನವಿಲ್ಲ. ಅಕ್ಕಿಯನ್ನು ಅನ್ನ ಮಾಡಿ.

ಟಿವಿಗೆ ಸಿಕ್ಕಿಸುವವರಿಗೂ ಒಂದು ಮಾತು. ಕೆಲವು ಟಿವಿಗಳು ಕಾರ್ಯಕ್ರಮ ರೆಕಾರ್ಡ್ ಮಾಡಲು ಡಿಸ್ಕನ್ನು ತಮ್ಮ ಪದ್ಧತಿಗೆ ಫಾರ್ಮ್ಯಾಟ್ ಮಾಡಿಕೊಳ್ಳುತ್ತವೆ. ರಿಮೋಟ್ ಹಿಡಿದ ಪುಟಾಣಿ ‘ಓಕೆ’ ಒತ್ತಿದರೆ ಮುಗಿಯಿತು. ಟಿವಿಯಲ್ಲಿ ನೋಡಲು ಬೇರೆಯೇ ಪೆನ್ ಡ್ರೈವಿಗೆ ಪ್ರತಿ ಮಾಡಿಕೊಳ್ಳಿ.

ಅಜ್ಜನ 11 ಹಾಡನ್ನು ಎರಡು ಪೆನ್ ಡ್ರೈವಿಗೆ ಹಾಕಿಕೊಟ್ಟೆ. ಒಂದು ಹಳೇಬೀಡಿನ ಮನೆಗೆ, ಇನ್ನೊಂದು ಹಾಸನದಲ್ಲಿರುವ ಮಗಳ ಮನೆಗೆ. ಎರಡೂ ಒಂದೇ ಬೀರುವಿನಲ್ಲಿದ್ದರೆ ಅದು ಎರಡು ಪ್ರತಿಯಲ್ಲ, ಒಂದೇ.

ಹೋಗುವಾಗ ಮೊಮ್ಮಗಳು ಕೇಳಿದ ಪ್ರಶ್ನೆ ನಿಮ್ಮಲ್ಲೂ ಹಲವರಿಗೆ ಇದ್ದೀತು: ಕೀಳುವ ಮೊದಲು ಪ್ರತಿ ಸಲವೂ ‘ಸೇಫ್ಲಿ ರಿಮೂವ್’ ಒತ್ತಲೇಬೇಕಾ? 2018ರ ಕೊನೆಯಿಂದೀಚಿನ ವಿಂಡೋಸ್‌ನಲ್ಲಿ ತಾನಾಗಿಯೇ ‘ಕ್ವಿಕ್ ರಿಮೂವಲ್’ ವ್ಯವಸ್ಥೆ ಇರುತ್ತದೆ, ಹಾಗಾಗಿ ಒತ್ತದಿದ್ದರೂ ಸಾಮಾನ್ಯವಾಗಿ ಅಪಾಯವಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಒತ್ತಲೇಬೇಕು. ಎರಡರಲ್ಲೂ ಡಿಸ್ಕಿನ ದೀಪ ಮಿಣುಕುತ್ತಿರುವಾಗ ಕೀಳಬೇಡಿ, ಅದು ಇನ್ನೂ ಬರೆಯುತ್ತಿರುತ್ತದೆ. ‘ಅಷ್ಟೊತ್ತಿಗೆ ಕರೆಂಟು ಹೋದ್ರೆ?’ ಎಂದಳು. ಲ್ಯಾಪ್‌ಟಾಪಿನಲ್ಲಿ ಮಾಡಮ್ಮ, ಅದಕ್ಕೆ ಬ್ಯಾಟರಿ ಇದೆ ಎಂದೆ. ಡೆಸ್ಕ್‌ಟಾಪೇ ಗತಿ ಎನ್ನುವವರು ಯುಪಿಎಸ್ ಇಲ್ಲದೆ ದೊಡ್ಡ ಕಡತಗಳನ್ನು ಸಾಗಿಸಬೇಡಿ.