ಆಗಸ್ಟ್‌ನಲ್ಲಿ ಬರ, ಡಿಸೆಂಬರ್‌ನಲ್ಲಿ ನೆರೆ: ಕಾವೇರಿ ಜಗಳಕ್ಕೂ ಪೆಸಿಫಿಕ್ ಸಾಗರಕ್ಕೂ ಏನು ನಂಟು?

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆ ಪ್ರಕಟಿಸುತ್ತದೆ. ಅದರಲ್ಲಿ ಸುದ್ದಿಯಾಗುವುದು ಎರಡೇ ವಿಷಯ. ಒಂದು, ಇಡೀ ದೇಶಕ್ಕೆ ವಾಡಿಕೆಯ ಶೇಕಡಾ ಎಷ್ಟು ಮಳೆ ಎಂಬ ಅಂಕಿ. ಇನ್ನೊಂದು, ಈ ಬಾರಿ ಎಲ್ ನಿನೋ ಇದೆಯೇ ಇಲ್ಲವೇ ಎಂಬುದು. ಎಲ್ ನಿನೋ ಬಂದರೆ ಬರ, ಹೋದರೆ ಮಳೆ ಎಂದು ಬಹುತೇಕರು ಅರ್ಥ ಮಾಡಿಕೊಂಡಿದ್ದೇವೆ. ಆದರೆ ಕಾವೇರಿ ಕೊಳ್ಳದಲ್ಲಿ 2023ರಲ್ಲಿ ನಡೆದದ್ದನ್ನು ನೋಡಿದರೆ ಲೆಕ್ಕ ಅಷ್ಟು ಸರಳವಲ್ಲ ಎಂಬುದು ತಿಳಿಯುತ್ತದೆ.

ಕೈಕೊಟ್ಟದ್ದು ಒಂದು ತಿಂಗಳು

2023ರಲ್ಲಿ ದೇಶದ ಮುಂಗಾರು ಮಳೆ ವಾಡಿಕೆಯ ಶೇ 94ರಷ್ಟಿತ್ತು. ಕೊರತೆ ಕೇವಲ ಶೇ 6. ಆದರೆ ಆ ಸರಾಸರಿಯೊಳಗೆ ಒಂದು ಆಗಸ್ಟ್ ಅಡಗಿತ್ತು. ಜುಲೈ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾದರೆ, ಆಗಸ್ಟ್‌ನಲ್ಲಿ ಶೇ 36ರಷ್ಟು ಕೊರತೆಯಾಯಿತು. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು.

ಕೆಆರ್‌ಎಸ್ ತುಂಬಬೇಕಾದ ಹೊತ್ತಿನಲ್ಲೇ ಒಳಹರಿವು ಕುಸಿಯಿತು. ಅತ್ತ ತಮಿಳುನಾಡಿನಲ್ಲಿ ಜೂನ್ 12ರಂದೇ ಮೆಟ್ಟೂರು ಅಣೆಕಟ್ಟೆಯ ಬಾಗಿಲು ತೆರೆದು, ಡೆಲ್ಟಾ ಜಿಲ್ಲೆಗಳ ರೈತರು ಕುರುವೈ ಭತ್ತ ನಾಟಿ ಮಾಡಿದ್ದರು. ದಿನಕ್ಕೆ 5,000 ಕ್ಯುಸೆಕ್‌ನಂತೆ 15 ದಿನ ನೀರು ಬಿಡಬೇಕೆಂಬ ಸೂಚನೆ ಹೊರಬಿದ್ದಾಗ ಮಂಡ್ಯದಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ನಡೆಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರ್‌ಗಳ ಮುಂದೆ ಸಾಲುಗಟ್ಟಿ ನಿಂತಿತು.

ಆದರೆ ಅದೇ ವರ್ಷದ ಡಿಸೆಂಬರ್ ಬೇರೆಯೇ ಕಥೆ ಹೇಳಿತು. ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮುಳುಗಿತು. ಮೂರನೇ ವಾರದಲ್ಲಿ ತೂತ್ತುಕುಡಿ ಜಿಲ್ಲೆಯ ಕಾಯಲ್‌ಪಟ್ಟಿಣಂನಲ್ಲಿ 24 ಗಂಟೆಗಳಲ್ಲಿ ಸುಮಾರು 95 ಸೆಂ.ಮೀ. ಮಳೆ ಸುರಿಯಿತು. ಎರಡೂ ಎಲ್ ನಿನೋ ವರ್ಷದಲ್ಲೇ.

ಇದೇನೂ ಮೊದಲಲ್ಲ. 2015ರ ಪ್ರಬಲ ಎಲ್ ನಿನೋ ಮುಂಗಾರನ್ನು ಶೇ 86ಕ್ಕೆ ಇಳಿಸಿತು. ಬರದಿಂದ ಕಂಗೆಟ್ಟ ಲಾತೂರಿಗೆ ಮರುವರ್ಷ ಏಪ್ರಿಲ್‌ನಲ್ಲಿ ಮಿರಜ್‌ನಿಂದ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ಆ ಎರಡರ ನಡುವೆ, 2015ರ ಡಿಸೆಂಬರ್ ಆರಂಭದಲ್ಲಿ ಚೆನ್ನೈನ ತಾಂಬರಂನಲ್ಲಿ ಒಂದೇ ದಿನ 49 ಸೆಂ.ಮೀ. ಮಳೆಯಾಗಿ ಅಡ್ಯಾರ್ ನದಿ ಉಕ್ಕಿ ಹರಿದಿತ್ತು.

ಎಲ್ಲಿಯ ಪೆಸಿಫಿಕ್, ಎಲ್ಲಿಯ ಕೊಡಗು?

ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಬೆಚ್ಚನೆಯ ನೀರು ಇಂಡೋನೇಷ್ಯಾದ ಕಡೆ ಶೇಖರವಾಗಿರುತ್ತದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಎಲ್ ನಿನೋ ಬಂದಾಗ ಈ ಬಿಸಿನೀರು ಪೂರ್ವಕ್ಕೆ, ಅಂದರೆ ದಕ್ಷಿಣ ಅಮೆರಿಕದ ಕಡೆಗೆ ಸರಿಯುತ್ತದೆ. ಅದರೊಂದಿಗೆ ಗಾಳಿ ಮೇಲೇರುವ ಜಾಗವೂ ಸರಿಯುತ್ತದೆ. ಒಂದೆಡೆ ಮೇಲೇರಿದ ಗಾಳಿ ಇನ್ನೊಂದೆಡೆ ಇಳಿಯಲೇಬೇಕು. ಹಾಗೆ ಇಳಿಯುವ ವಲಯ ಭಾರತದ ಮೇಲೂ ಚಾಚಿದರೆ ಮೋಡ ಬೆಳೆಯುವುದಿಲ್ಲ, ಮುಂಗಾರು ದುರ್ಬಲವಾಗುತ್ತದೆ.

ಅಕ್ಟೋಬರ್ ನಂತರ ಗಾಳಿಯ ದಿಕ್ಕೇ ಬದಲಾಗುತ್ತದೆ. ಆಗ ತಮಿಳುನಾಡಿಗೆ ಮಳೆ ತರುವುದು ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುವ ತೇವಭರಿತ ಗಾಳಿ. ಎಲ್ ನಿನೋ ಈ ಗಾಳಿಗೆ ಸಾಮಾನ್ಯವಾಗಿ ಬಲ ತುಂಬುತ್ತದೆ. ಅಂದರೆ ಒಂದೇ ವಿದ್ಯಮಾನ ಕೊಡಗಿನ ಮುಂಗಾರನ್ನು ಕಿತ್ತುಕೊಂಡು ಚೆನ್ನೈನ ಹಿಂಗಾರಿಗೆ ಕೊಡಬಲ್ಲದು.

ಎಲ್ ನಿನೋ ಒಂದೇ ಅಲ್ಲ

ಹಾಗೆಂದು ಎಲ್ಲದಕ್ಕೂ ಪೆಸಿಫಿಕ್ ಕಡೆ ಬೆರಳು ತೋರಿಸುವಂತಿಲ್ಲ. 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೋಗಳಲ್ಲಿ ಒಂದು ಬಂದರೂ ಮುಂಗಾರು ವಾಡಿಕೆಯಷ್ಟೇ ಸುರಿಯಿತು. ಆ ವರ್ಷ ಹಿಂದೂ ಮಹಾಸಾಗರದಲ್ಲಿ ಆಫ್ರಿಕಾ ಕಡೆಯ ನೀರು ಬೆಚ್ಚಗಾಗಿ, ಸುಮಾತ್ರಾ ಕಡೆಯ ನೀರು ತಣ್ಣಗಾಗಿತ್ತು. ವಿಜ್ಞಾನಿಗಳು ಇದನ್ನು ಹಿಂದೂ ಮಹಾಸಾಗರದ ದ್ವಿಧ್ರುವ ಎನ್ನುತ್ತಾರೆ. ಈ ಸ್ಥಿತಿ ಮುಂಗಾರಿಗೆ ಆಸರೆಯಾಗಬಲ್ಲದು.

2016ರಲ್ಲಿ ಇದು ತಿರುಗುಮುರುಗಾಯಿತು. ಎಲ್ ನಿನೋ ಮುಗಿದಿತ್ತು, ದೇಶದ ಸರಾಸರಿ ಶೇ 97 ತಲುಪಿತ್ತು. ಆದರೆ ದ್ವಿಧ್ರುವ ಪ್ರಬಲವಾಗಿ ವಿರುದ್ಧ ದಿಕ್ಕಿಗೆ ವಾಲಿತ್ತು. ಕೇರಳದಲ್ಲೂ ಕಾವೇರಿಯ ಜಲಾನಯನದಲ್ಲೂ ಮುಂಗಾರು ಸೊರಗಿತು. ಆ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದದ್ದು ಇನ್ನೂ ನೆನಪಿದೆ. ಬಳಿಕ ತಮಿಳುನಾಡಿನ ಹಿಂಗಾರೂ ಶೇ 62ರಷ್ಟು ಕೊರತೆ ಕಂಡಿತು.

ಇವೆರಡರ ಜೊತೆ ಮೂರನೆಯದೂ ಇದೆ. ಸಮಭಾಜಕದ ಗುಂಟ 30ರಿಂದ 60 ದಿನಗಳಲ್ಲಿ ಪೂರ್ವಕ್ಕೆ ಸಾಗುವ ಮೋಡಗಳ ದೊಡ್ಡ ಅಲೆ, ಮ್ಯಾಡನ್-ಜೂಲಿಯನ್ ಆಂದೋಲನ. ಅದು ಹಿಂದೂ ಮಹಾಸಾಗರದಲ್ಲಿದ್ದಾಗ ಮಳೆ ಚುರುಕಾಗುವ, ಪೆಸಿಫಿಕ್‌ಗೆ ದಾಟಿದಾಗ ಬಿಡುವು ಕೊಡುವ ಸಾಧ್ಯತೆ ಹೆಚ್ಚು. ರೈತನಿಗೆ ಮುಖ್ಯವಾಗುವುದು ಋತುವಿನ ಮೊತ್ತಕ್ಕಿಂತ ಈ ಬಿಡುವು ಯಾವಾಗ ಬರುತ್ತದೆ ಎಂಬುದು.

ಮುನ್ಸೂಚನೆ ಇದೆ, ಸೂತ್ರ ಇಲ್ಲ

2018ರ ಸುಪ್ರೀಂ ಕೋರ್ಟ್ ತೀರ್ಪು ತಮಿಳುನಾಡಿಗೆ 177.25 ಟಿಎಂಸಿ ಅಡಿ ನೀರು ನಿಗದಿ ಮಾಡಿದೆ. ಯಾವ ತಿಂಗಳು ಎಷ್ಟು ಎಂಬ ಪಟ್ಟಿಯೂ ಇದೆ. ಆದರೆ ಅದು ಮಳೆ ಸರಿಯಾಗಿ ಬಂದ ವರ್ಷದ ಪಟ್ಟಿ. ಮಳೆ ಕೈಕೊಟ್ಟಾಗ ಕೊರತೆ ಹಂಚಿಕೊಳ್ಳಲು ಎರಡೂ ರಾಜ್ಯಗಳು ಒಪ್ಪಿದ ಸಂಕಷ್ಟ ಸೂತ್ರ ಇಲ್ಲ. ಹೀಗಾಗಿ ಪ್ರತಿ ಕೆಟ್ಟ ವರ್ಷವೂ ಚರ್ಚೆ ಶುರುವಾಗುವುದು ಆಗಸ್ಟ್ ಕೊನೆಯಲ್ಲಿ, ಅಂದರೆ ಬೆಳೆ ಒಣಗಲು ಆರಂಭವಾದ ಮೇಲೆ.

‘ಹಿಂಗಾರು ಬರುತ್ತದಲ್ಲ, ಕಾಯಿರಿ’ ಎಂದು ಕರ್ನಾಟಕ ಹೇಳುವುದು ಸುಲಭ. ಆದರೆ ಕುರುವೈಗೆ ನೀರು ಬೇಕಾದದ್ದು ಆಗಸ್ಟ್‌ನಲ್ಲಿ. ತೂತ್ತುಕುಡಿಯಲ್ಲಿ ಸುರಿದ 95 ಸೆಂ.ಮೀ. ಮಳೆ ಮೆಟ್ಟೂರಿಗೆ ಹರಿಯುವುದಿಲ್ಲ, ಅದು ಕಾವೇರಿ ಕೊಳ್ಳವೇ ಅಲ್ಲ. ಇತ್ತ ಬಾರದ ಮಳೆಯ ನೀರನ್ನು ಕೆಆರ್‌ಎಸ್‌ನಿಂದ ಬಿಡಲೂ ಆಗದು. ಎರಡೂ ಕಡೆಯ ವಾದದಲ್ಲಿ ಸತ್ಯವಿದೆ.

ಎಲ್ ನಿನೋ ಅಪಾಯ ಎಷ್ಟಿದೆ ಎಂಬುದು ಜೂನ್ ಹೊತ್ತಿಗೆ ಬಹುಮಟ್ಟಿಗೆ ತಿಳಿದಿರುತ್ತದೆ. ಮುಂದಿನ ಕೆಲವು ವಾರಗಳ ಮಳೆಯ ಅಂದಾಜನ್ನು ಹವಾಮಾನ ಇಲಾಖೆ ಪ್ರತಿ ಗುರುವಾರ ಪ್ರಕಟಿಸುತ್ತದೆ. ಇವು ಭವಿಷ್ಯವಾಣಿಯಲ್ಲ, ಸಾಧ್ಯತೆಯ ಲೆಕ್ಕ. ಆದರೂ ಯಾವ ಮಟ್ಟದ ಅಪಾಯಕ್ಕೆ ಎಷ್ಟು ಎಕರೆ ಭತ್ತ, ಎಷ್ಟು ನಾಲೆ ನೀರು, ಬೆಂಗಳೂರಿಗೆ ಎಷ್ಟು ಮೀಸಲು ಎಂದು ಮೊದಲೇ ಬರೆದಿಡಲು ಅಷ್ಟು ಸಾಕು. ಪೆಸಿಫಿಕ್ ನಮ್ಮ ಹಿಡಿತದಲ್ಲಿಲ್ಲ. ನಾಟಿಗೆ ಮುನ್ನ ಮಾತಿಗೆ ಕೂರುವುದು ಮಾತ್ರ ಎರಡೂ ಸರ್ಕಾರಗಳ ಕೈಯಲ್ಲೇ ಇದೆ.