ಗುಲಗಂಜಿಯಷ್ಟು ಹೆಚ್ಚು ಬಡ್ಡಿ

ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಮ್ಮ ಕಡೆ ಹೇಳುತ್ತಾರೆ. ದೇವರ ವಿಷಯದಲ್ಲಿ ಆ ಗುಲಗಂಜಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ದುಡ್ಡಿನ ವಿಷಯದಲ್ಲಿ ಅದೇ ಒಂದು ಗುಲಗಂಜಿಯ ಆಸೆಗೆ ಬಿದ್ದು ಕೈ ಸುಟ್ಟುಕೊಂಡವರನ್ನು ನಂಜನಗೂಡಿನಲ್ಲೂ ಟಿ. ನರಸೀಪುರದಲ್ಲೂ ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬಳು.

ಈ ಮಾತು ಈಗೇಕೆ ಬಂತೆಂದರೆ, ನಮ್ಮ ಸ್ಟಾಫ್ ರೂಮಿನಲ್ಲಿ ತರುಣ ಶಿಕ್ಷಕರೊಬ್ಬರು ನನ್ನ ಪಾಸ್‌ಬುಕ್ ನೋಡಿ ನಕ್ಕರು. "ಮೇಡಂ, ಇನ್ನೂ ಎಂಟ್ರಿ ಹಾಕಿಸೋಕೆ ಕ್ಯೂ ನಿಲ್ತೀರಾ? ಎಲ್ಲಾ ಫೋನಲ್ಲೇ ಆಗುತ್ತಲ್ಲ" ಎಂದರು. ಅವರದು ಒಂದು ಆ್ಯಪ್‌ನಲ್ಲಿ ಚಿನ್ನ, ಇನ್ನೊಂದರಲ್ಲಿ ಠೇವಣಿ, ಮತ್ತೊಂದರಲ್ಲಿ ಒಂದಿಷ್ಟು ಬಿಟ್‌ಕಾಯಿನ್. "ಸೇಫಾ?" ಎಂದೆ. "ಏನೂ ಆಗಲ್ಲ ಮೇಡಂ. ಓಟಿಪಿ ಯಾರಿಗೂ ಹೇಳಬಾರದು, ಅಷ್ಟೆ."

ನನ್ನನ್ನು ಕೆರಳಿಸಿದ್ದು ಆ "ಅಷ್ಟೆ." ಟಿವಿಯಲ್ಲಿ, ಪೇಪರಿನಲ್ಲಿ, ಎಲ್ಲ ಕಡೆಯೂ ನಮಗೆ ಬೀಗದ ಪಾಠವೇ ನಡೆಯುತ್ತಿದೆ. ಬೀಗ ಭದ್ರವಾಗಿರಲಿ, ಕೀ ಯಾರ ಕೈಗೂ ಕೊಡಬೇಡಿ. ಸರಿ, ಒಪ್ಪಿದೆ. ಆದರೆ ಪೆಟ್ಟಿಗೆ ಯಾರದು? ಅದನ್ನು ಮಾತ್ರ ಯಾರೂ ಕಲಿಸುವುದಿಲ್ಲ.

ನನ್ನ ಕಥೆ ಹೇಳಿಬಿಡುತ್ತೇನೆ. ಮಗಳ ಮದುವೆಗೆಂದು ಕೂಡಿಟ್ಟಿದ್ದ 2 ಲಕ್ಷವನ್ನು ಒಂದು ಪತ್ತಿನ ಸಂಘದಲ್ಲಿ ಇಟ್ಟಿದ್ದೆ. ಕೌಂಟರು, ಚಲನ್, ಪಾಸ್‌ಬುಕ್, ಗೋಡೆಯಲ್ಲಿ ಲಕ್ಷ್ಮಿಯ ಪಟ, ಎಲ್ಲವೂ ಬ್ಯಾಂಕಿನಂತೆಯೇ. ಬಡ್ಡಿ ಮಾತ್ರ ಒಂದೂವರೆ ಪರ್ಸೆಂಟ್ ಜಾಸ್ತಿ. ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ನಾಲ್ಕು ವರ್ಷ ಅಲೆದ ಮೇಲೆ ಅಸಲು ಕಂತುಕಂತಾಗಿ ಬಂತು, ಬಡ್ಡಿಗೆ ಎಳ್ಳು ನೀರು. ಹೋದ ಬಡ್ಡಿಗಿಂತ ನನ್ನನ್ನು ಹೆಚ್ಚು ಚುಚ್ಚಿದ್ದು ನೆಂಟರ ಮಾತು: "ಬಿಎ ಬಿಎಡ್ ಮಾಡಿದ ನೀವೇ ಹೀಗಾ?" ಬೋರ್ಡು ತೂಗುಹಾಕಿದವರನ್ನು ಯಾರೂ ಏನೂ ಕೇಳಲಿಲ್ಲ. ಹಣ ಕಳೆದುಕೊಂಡವಳೇ ದಡ್ಡಿ, ಅವಳೇ ದುರಾಸೆಯವಳು.

ಆಗ ನನಗೆ ಗೊತ್ತಿಲ್ಲದಿದ್ದುದು ಇಷ್ಟು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ, ಸಂಘದಲ್ಲಿಟ್ಟದ್ದಕ್ಕೆ ಇಲ್ಲ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮಾ ನಿಗಮ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಎಲ್ಲ ಶಾಖೆಗಳದ್ದೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷದವರೆಗೆ ಹೊಣೆ ಹೊರುತ್ತದೆ. 1993ರಿಂದ 1 ಲಕ್ಷವಿದ್ದ ಈ ಮಿತಿ 5 ಲಕ್ಷವಾದದ್ದು 2020ರ ಫೆಬ್ರವರಿ 4ರಂದು. ಅದಕ್ಕೆ ಮೊದಲಿನ ತಿಂಗಳಷ್ಟೇ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದು, ಜೀವಮಾನದ ಗಳಿಕೆ ಇಟ್ಟಿದ್ದ ನಿವೃತ್ತರೂ 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಹೀಗೆ ನಿರ್ಬಂಧ ಬಿದ್ದರೆ 90 ದಿನಗಳಲ್ಲಿ ವಿಮೆಯ ಹಣ ಸಿಗಬೇಕೆಂದು ಕಾನೂನು ತಿದ್ದಿದ್ದು 2021ರಲ್ಲಿ. ಸಹಕಾರ ಸಂಘಗಳು ತಮ್ಮ ಹೆಸರಿನಲ್ಲಿ "ಬ್ಯಾಂಕ್" ಎಂದು ಬಳಸುವಂತಿಲ್ಲ, ಅಲ್ಲಿನ ಠೇವಣಿಗೆ ವಿಮೆಯೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ ಸಾರ್ವಜನಿಕರನ್ನು ಎಚ್ಚರಿಸಿದ್ದೂ ಅದೇ ವರ್ಷದ ನವೆಂಬರಿನಲ್ಲಿ. ನನ್ನ ಪಾಲಿಗೆ ತಡವಾಯಿತು, ಬಿಡಿ.

ಅಂದು ಕಣ್ಣಿಗೆ ಕಾಣುವ ಕಟ್ಟಡವಾದರೂ ಇತ್ತು, ಹೋಗಿ ಬಾಗಿಲು ಬಡಿಯಬಹುದಿತ್ತು. ಈಗ ಅಂಗೈಯಗಲದ ಗಾಜು. ಆ ಗಾಜಿನ ಮೇಲೆ ಬ್ಯಾಂಕಿನ ಠೇವಣಿ, ಯಾವುದೋ ಕಂಪನಿಯ ಚಿನ್ನ, ಯಾರ ಹಿಡಿತಕ್ಕೂ ಸಿಗದ ಬಿಟ್‌ಕಾಯಿನ್ ಮೂರೂ ಒಂದೇ ಬಣ್ಣದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಪಕ್ಕಪಕ್ಕ ಕೂತಿರುತ್ತವೆ. ಆ್ಯಪ್ ಮೂಲಕ ಇಟ್ಟ ಠೇವಣಿ ನಿಜವಾಗಿ ಯಾವ ಬ್ಯಾಂಕಿನದು ಎಂದು ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿರುತ್ತದೆ. ನನ್ನ ಕನ್ನಡಕದ ನಂಬರಿಗೆ ಅದು ಎಟುಕುವುದಿಲ್ಲ. "ಡಿಜಿಟಲ್ ಚಿನ್ನ" ತನ್ನ ನಿಯಂತ್ರಣದಲ್ಲಿಲ್ಲ ಎಂದು ಸೆಬಿ 2025ರ ನವೆಂಬರಿನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ನಮ್ಮ ಸ್ಟಾಫ್ ರೂಮಿನಲ್ಲಿ ಅದನ್ನು ಓದಿದವರು ಒಬ್ಬರೂ ಇರಲಿಲ್ಲ. ಬಿಟ್‌ಕಾಯಿನ್ ಕಥೆಗೆ ವಜೀರ್‌ಎಕ್ಸ್ ಒಂದೇ ಸಾಕು. 2024ರ ಜುಲೈನಲ್ಲಿ ಅಲ್ಲಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ಗ್ರಾಹಕರಲ್ಲಿ ಯಾರೂ ಓಟಿಪಿ ಹೇಳಿದ್ದರಿಂದ ಆದ ಕಳ್ಳತನವಲ್ಲ ಅದು. ಅವರ ಬೀಗ ಭದ್ರವಾಗಿಯೇ ಇತ್ತು, ಪೆಟ್ಟಿಗೆಯೇ ಹೋಯಿತು. ಕ್ರಿಪ್ಟೊ ಇಟ್ಟವರು ವರ್ಷಕ್ಕೂ ಮೇಲೆ ಕಾದರು.

ಹಾಗೆಂದು ನಾನು ಫೋನಿನ ವೈರಿಯಲ್ಲ. ನಂಜನಗೂಡಿನಿಂದ ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವಳಿಗೆ ಬ್ಯಾಂಕಿನ ವೇಳೆ ಹೊಂದುವುದಿಲ್ಲ, ಸೀಟು ಸಿಕ್ಕ ದಿನ ಬಸ್ಸಿನಲ್ಲೇ ಹಣ ಕಳಿಸುತ್ತೇನೆ. ನಾನು ನೋಡಿಕೊಳ್ಳುವುದು ಎರಡೇ. ಬ್ಯಾಂಕುಗಳ ಜಾಲತಾಣದ ವಿಳಾಸ 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತ್ತು. ಬಾಲ ಬೇರೆಯಾಗಿದ್ದರೆ ನಾನು ಒಳಗೆ ಕಾಲಿಡುವುದಿಲ್ಲ. ಠೇವಣಿ ವಿಮಾ ನಿಗಮದ ಲಾಂಛನ ಅಲ್ಲಿದೆಯೇ ಎಂದು ಹುಡುಕುತ್ತೇನೆ. 5 ಲಕ್ಷ ಮೀರಿದ್ದನ್ನು ಇನ್ನೊಂದು ಬ್ಯಾಂಕಿಗೋ ಅಂಚೆ ಕಚೇರಿಗೋ ಹಾಕುತ್ತೇನೆ. ಅಂಚೆಯದು ಕೇಂದ್ರ ಸರ್ಕಾರದ್ದೇ ಹೊಣೆ, ಅಲ್ಲಿ ಈ ಮಿತಿಯ ಗೊಡವೆಯಿಲ್ಲ.

ಆದರೆ ಇದನ್ನೆಲ್ಲ ನಾನೇ ಏಕೆ ಹುಡುಕಬೇಕು? ಸಿಗರೇಟು ಪ್ಯಾಕಿನ ಮೇಲೆ ಹುಣ್ಣಿನ ಚಿತ್ರ ಹಾಕಿಸಿದ ಸರ್ಕಾರಕ್ಕೆ, ಆ್ಯಪ್‌ನ ಮೊದಲ ಪುಟದಲ್ಲೇ "ಇದು ಬ್ಯಾಂಕ್ ಠೇವಣಿ ಅಲ್ಲ, ಇದಕ್ಕೆ ವಿಮೆ ಇಲ್ಲ" ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲು ಏನು ಕಷ್ಟ? ಹಣ ಹಾಕುವ ಬಟನ್ ಕನ್ನಡದಲ್ಲಿ ಬರುತ್ತದೆ, ಹೊಣೆ ಯಾರದೆಂಬ ಸಾಲು ಮಾತ್ರ ಕನ್ನಡಕ್ಕೆ ಬರುವುದಿಲ್ಲ. ಇದು ಮರೆವು ಎಂದು ನಾನು ನಂಬುವುದಿಲ್ಲ.

ಅಂದು ಸ್ಟಾಫ್ ರೂಮಿನ ನಮ್ಮ ಜಗಳವನ್ನು ಬಿಸಿಯೂಟದ ಅಡುಗೆಯ ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗಿನಿಂದ ಬಂದ ಎರಡೆರಡು ಸಾವಿರದಲ್ಲಿ ಉಳಿಸಿದ್ದನ್ನು ಆಕೆಯ ಮಗ ಫೋನಿನಲ್ಲಿ ಹಾಕಿದ್ದನಂತೆ. ಸಂಜೆ ಮೆಲ್ಲಗೆ ಕೇಳಿದರು: "ಮಿಸ್ಸೇ, ಆ ದುಡ್ಡು ಈಗ ಯಾರ ತಾವ ಅದೆ?"

ಎರಡು ಪದವಿ ಪಡೆದ ನಾನು 2 ಲಕ್ಷ ಇಡುವಾಗ ಕೇಳದ ಪ್ರಶ್ನೆ ಅದು. ಮಗನನ್ನು ಕರೆಸಿ ಆ್ಯಪ್ ತೆರೆಸಿದೆವು. ಚಿನ್ನ. ಕೊಳ್ಳುವಾಗ ಶೇಕಡಾ 3 ಜಿಎಸ್‌ಟಿ, ಮಾರುವಾಗ ಕೊಂಡುಕೊಳ್ಳುವವರ ಬೆಲೆ ಬೇರೆ. ಅಂಥ ನಷ್ಟವೇನೂ ಆಗಲಿಲ್ಲ, ಚಿನ್ನದ ಬೆಲೆ ಏರಿದ್ದು ಆಕೆಯ ಪುಣ್ಯ. ಮಾರಿಸಿ, ಬಂದದ್ದನ್ನು ಶನಿವಾರ ಅಂಚೆ ಕಚೇರಿಗೆ ತೆಗೆದುಕೊಂಡು ಹೋದೆವು. ಅರ್ಜಿ ತುಂಬುತ್ತಾ, ನಾಮಿನಿ ಜಾಗಕ್ಕೆ ಮಗನ ಹೆಸರು ಬರೆಯಲೇ ಎಂದೆ.

"ಬ್ಯಾಡಿ ಮಿಸ್ಸೇ," ಎಂದರು. "ಮಗಳ ಹೆಸರು ಬರೀರಿ."